ನೂರು ಗಜದಲ್ಲಿ ಮೂರು ಗುಂಡು

ಜೂನ್ ೧೪, ಶುಕ್ರವಾರ

ಬಂತು. ಮೂವತ್ತೆಂಟು ವರ್ಷ ಅರ್ಜಿ ಹಾಕಿದ ಮೇಲೆ, ಲಾಟರಿ ಎತ್ತಿ ಕೊಡುವ ಕಾಡುಟಗರಿನ ಬೇಟೆಯ ಪರವಾನಗಿ ಬಂತು. ಪ್ರತಿ ಜೂನ್ ತಿಂಗಳೂ "ಈ ಬಾರಿ ಇಲ್ಲ" ಎಂದು ಓದಿ ರೂಢಿಯಾಗಿದ್ದ ಕಣ್ಣಿಗೆ ಇವತ್ತಿನ ಸಾಲು ಅರ್ಥವಾಗಲು ಹೊತ್ತು ಹಿಡಿಯಿತು. ಹೆಂಡತಿ ಲೊರೆಟ್ಟಾಳನ್ನು ಕರೆದು ಓದಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು.

"ನಿನ್ನ ಹೆಸರು ನೋಡಿ ನೋಡಿ ಅವ್ರಿಗೇ ಸಾಕಾಗಿರ್ಬೇಕು" ಎಂದಳು. ಅಷ್ಟರಲ್ಲಿ ಒಲೆಯ ಮೇಲಿದ್ದ ಪ್ಯಾನ್‌ಕೇಕ್ ಕರಟಿಹೋಗಿತ್ತು. ಅಡುಗೆಮನೆ ತುಂಬ ಹೊಗೆ. ನನಗೆ ವಾಸನೆಯೇ ಬಡಿದಿರಲಿಲ್ಲ, ಅಷ್ಟು ಮೈಮರೆತಿದ್ದೆ.

ಮೊಂಟಾನಾದಲ್ಲಿ ಹುಟ್ಟಿ, ಇಲ್ಲೇ ಸತ್ತ ಎಷ್ಟೋ ಜನ ಬೇಟೆಗಾರರು ಈ ಚೀಟಿಯ ಮುಖ ನೋಡಿಲ್ಲ. ನಮ್ಮಪ್ಪ ಕೊನೆಯ ವರ್ಷದವರೆಗೂ ಅರ್ಜಿ ಹಾಕಿದ. ನನಗೀಗ ಅರವತ್ತಾರು. ಇದು ಮತ್ತೆ ಬರುವುದಿಲ್ಲ. ಒಂದು ಟಗರು, ಒಂದು ಸಲ.

ಬೇಟೆಯ ಕಾಲ ಶುರುವಾಗುವುದು ಸೆಪ್ಟೆಂಬರ್ ಹದಿನೈದಕ್ಕೆ. ಕೋವಿಯ ಬಗ್ಗೆ ಚಿಂತೆಯಿಲ್ಲ. ಮರ ಕೊಯ್ಯುವ ಕಾರ್ಖಾನೆಗೆ ಸೇರಿದ ವರ್ಷ ಕೊಂಡ ತರ್ಟಿ-ಆಟ್-ಸಿಕ್ಸ್ ರೈಫಲ್ ಅದು, ನನ್ನನ್ನು ಕೈಬಿಟ್ಟಿಲ್ಲ. ಚಿಂತೆ ತೋಟಾದ್ದು. ಅದಕ್ಕೆ ಹಿಡಿಸುತ್ತಿದ್ದ ಹಳದಿ ಪೆಟ್ಟಿಗೆಯ ತೋಟಾವನ್ನು ಕಂಪನಿ ಮಾಡುವುದೇ ನಿಲ್ಲಿಸಿ ಆರು ವರ್ಷವಾಯಿತು. ನನ್ನ ಹತ್ತಿರ ನಾಲ್ಕು ಉಳಿದಿವೆ. ಕೋವಿಗೂ ನಾಲಿಗೆ ಇರುತ್ತದೆ. ಒಂದಕ್ಕೆ ರುಚಿಸಿದ್ದು ಇನ್ನೊಂದಕ್ಕೆ ರುಚಿಸುವುದಿಲ್ಲ. ಈ ಬೇಸಿಗೆಯಿಡೀ ಅಂಗಡಿಯ ತೋಟಾಗಳನ್ನು ಒಂದೊಂದಾಗಿ ಹೊಡೆದು, ಅಳೆದು, ತೂಗಿ ನೋಡುತ್ತೇನೆ. ಇದೇ ಪುಸ್ತಕದಲ್ಲಿ ಬರೆದಿಡುತ್ತೇನೆ.

ಜೂನ್ ೨೨, ಶನಿವಾರ

ವೆಂಡೆಲ್‌ನ ಅಂಗಡಿಗೆ ಹೋಗಿ ಮೂರು ಪೆಟ್ಟಿಗೆ ತಂದೆ. ಕೆಂಪು, ಹಸಿರು, ನೀಲಿ. ಪೆಟ್ಟಿಗೆಯ ಮೇಲಿನ ಹೊಗಳಿಕೆ ಓದಿದರೆ ಮೂರೂ ಆನೆಯನ್ನೇ ಉರುಳಿಸಬೇಕು. ಅದಕ್ಕೇ ನಾನು ಹೆಸರು ಬರೆಯುವುದಿಲ್ಲ, ಬಣ್ಣ ಬರೆಯುತ್ತೇನೆ.

ವೆಂಡೆಲ್ ನನ್ನ ಜೊತೆ ಒಂದನೇ ಕ್ಲಾಸಿನಿಂದ ಇದ್ದವನು. ಕೋವಿ, ತೋಟಾ, ಮೀನಿನ ಗಾಳ ಮಾರುತ್ತಾ ಮುದುಕನಾದ. ಪರವಾನಗಿ ತೋರಿಸಿದಾಗ ಕೈಯಲ್ಲಿ ಹಿಡಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ, "ನಿನಗೆ ಕೊಟ್ಟವ್ರೆ ಅಂದ್ರೆ ಆ ಬೆಟ್ಟದಾಗೆ ಟಗರು ಭಾಳ ಹೆಚ್ಚಾಗಿರ್ಬೇಕು" ಎಂದ. ಎರಡು ಹೇಸರಗತ್ತೆ ಕೊಡುತ್ತೇನೆ, ಕೆಳಗಿನ ಬಿಡಾರದಲ್ಲಿ ನಾನೇ ಇದ್ದು ಅಡುಗೆ ಮಾಡುತ್ತೇನೆ ಎಂದೂ ಹೇಳಿದ. ಅವನ ಮಂಡಿ ಬೆಟ್ಟ ಹತ್ತುವ ಸ್ಥಿತಿಯಲ್ಲಿಲ್ಲ.

ಊರಾಚೆಯ ಜಲ್ಲಿ ಕ್ವಾರಿಯಲ್ಲಿ ನೂರು ಗಜಕ್ಕೆ ಕಾಗದ ನಿಲ್ಲಿಸಿ ಮೂರು ಮೂರು ಹೊಡೆದೆ. ಮರಳುಚೀಲದ ಮೇಲೆ ಕೋವಿ, ಗಾಳಿಯಿಲ್ಲ. ಮೂರು ತೂತುಗಳ ನಡುವಿನ ದೂರ: ಕೆಂಪು, ಎರಡು ಅಂಗುಲ. ಹಸಿರು, ಎರಡೂಕಾಲು. ನೀಲಿ, ಎರಡೂವರೆ. ಹಳದಿ ಇದೇ ಕೋವಿಯಲ್ಲಿ ಒಂದು ಅಂಗುಲ ದಾಟಿದ್ದಿಲ್ಲ. ಇವು ಸಾಲವು. ಹಸಿರು ಪೆಟ್ಟಿಗೆಯ ಒಂದು ಗುಣ ಮಾತ್ರ ಬರೆದುಕೊಳ್ಳಬೇಕು. ಅದರ ಮದ್ದಿಗೆ ವಾಸನೆಯೇ ಇಲ್ಲ. ಕೆಂಪಿಗೂ ಅಷ್ಟೇ. ಹೊಸ ಕಾಲದ ಮದ್ದು ಎಷ್ಟು ಶುದ್ಧವಾಗಿದೆ. ವೆಂಡೆಲ್ ಮಾತ್ರ ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಲೇ ಇದ್ದ.

ಜುಲೈ ೫, ಶುಕ್ರವಾರ

ನಿನ್ನೆ ಸ್ವಾತಂತ್ರ್ಯ ದಿನ, ಊರೆಲ್ಲ ಪಟಾಕಿ. ನಾವು ಇವತ್ತು ನೀರಿನ ಪರೀಕ್ಷೆ ಮಾಡಿದೆವು. ಲೊರೆಟ್ಟಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು, ಹಾಲಿನ ಖಾಲಿ ಕ್ಯಾನು ಬೇಕೆಂದರೆ ಈಗಲೂ ಅಲ್ಲಿಂದ ರಾಶಿ ಬರುತ್ತದೆ. ನೀರು ತುಂಬಿ, ಒಂದರ ಹಿಂದೊಂದು ಎಂಟು ಕ್ಯಾನು ಸಾಲಾಗಿ ಇಟ್ಟೆ. ಗುಂಡು ನೀರನ್ನು ಹೊಕ್ಕಾಗ ಮಾಂಸ ಹೊಕ್ಕ ಹಾಗೆಯೇ ಬಾಯಿ ತೆರೆಯುತ್ತದೆ. ಎಷ್ಟನೇ ಕ್ಯಾನಿನಲ್ಲಿ ನಿಂತಿತು, ನಿಂತಾಗ ಎಷ್ಟು ಉಳಿದಿತ್ತು, ಇವೆರಡು ಗೊತ್ತಾದರೆ ಅದರ ಸ್ವಭಾವ ಗೊತ್ತಾಗುತ್ತದೆ.

ಕೆಂಪಿನದು ಸೀಸದ ಗುಂಡು, ತೆಳು ತಾಮ್ರದ ಹೊದಿಕೆ. ಮೊದಲ ಕ್ಯಾನು ಆಳೆತ್ತರ ಹಾರಿ ಹರಿದುಹೋಯಿತು. ಮೂರನೆಯದರಲ್ಲಿ ಗುಂಡು ಸಿಕ್ಕಿತು, ಜಜ್ಜಿದ ಚೂರು. ಹೋಗುವಾಗ ನೂರೈವತ್ತು ಗ್ರೇನ್ (ಹದಿನೈದು ಗ್ರೇನಿಗೆ ಒಂದು ಗ್ರಾಂ), ಸಿಕ್ಕಾಗ ಎಂಬತ್ತೆಂಟು. ಉಳಿದದ್ದು ಧೂಳಾಗಿ ನೀರಿನಲ್ಲಿ. ಹಸಿರಿನಲ್ಲಿ ಹೊದಿಕೆಯನ್ನು ಸೀಸಕ್ಕೆ ಬೆಸೆದಿರುತ್ತಾರೆ. ಅದು ಐದನೆಯದರಲ್ಲಿ ನಿಂತಿತು, ನೂರೆಂಬತ್ತರಲ್ಲಿ ನೂರರವತ್ತಾರು, ದಪ್ಪ ಅಣಬೆಯ ಹಾಗೆ.

ನೀಲಿ ಬರೀ ತಾಮ್ರ. ಸೀಸವೇ ಇಲ್ಲ. ಆರು ಕ್ಯಾನು ದಾಟಿ ಏಳನೆಯದರ ತಳದಲ್ಲಿ ಕೂತಿತ್ತು. ಕೈ ಹಾಕಿ ತೆಗೆದೆ. ನಾಲ್ಕು ದಳ ಹಿಂದಕ್ಕೆ ಬಾಗಿದ ಹೂವು. ಒಂದು ದಳವೂ ಮುರಿದಿಲ್ಲ. ತಕ್ಕಡಿಯಲ್ಲಿಟ್ಟರೆ ನೂರರವತ್ತೈದಕ್ಕೆ ಅರ್ಧ ಗ್ರೇನ್ ಕಡಿಮೆ.

ನಾನು ನಲವತ್ತು ವರ್ಷ ಗರಗಸದ ಹಲ್ಲು ಮಸೆದವನು. ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚುಕಮ್ಮಿಯಾದರೆ ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಲೋಹದ ವಿಷಯದಲ್ಲಿ ನನಗೆ ಸುಲಭಕ್ಕೆ ಬೆರಗಾಗುವುದಿಲ್ಲ. ಇವತ್ತು ಆಯಿತು. ನಳಿಗೆಯೊಳಗಿನ ಸುರುಳಿ ಲೆಕ್ಕ ಹಾಕಿ ನೋಡಿದೆ. ಈ ಗುಂಡು ಒಂದು ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತಾ ಹೋಗುತ್ತದೆ. ಹಾಗೆ ಬುಗುರಿಯಾಡುತ್ತಲೇ ನೀರಿಗೆ ತಾಗಿದ ಕ್ಷಣ ಅರಳುತ್ತದೆ. ಅರಳಿದ್ದನ್ನು ಯಾರೂ ನೋಡಿರುವುದಿಲ್ಲ. ನಮಗೆ ಸಿಗುವುದು ಅರಳಿ ಮುಗಿದದ್ದು.

ಲೊರೆಟ್ಟಾ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಗುಂಡು ಬಿಟ್ಟು ನನ್ನ ಬಲಗೈ ನೋಡಿದಳು. "ಏನದು ಬೆರಳಲ್ಲಿ ಉಂಡೆ ಮಾಡ್ತಾ ಇರೋದು?" ಎಂದಳು. ಏನೂ ಇರಲಿಲ್ಲ. ನೀರು ತಣ್ಣಗಿತ್ತು, ಅಷ್ಟೇ.

ಜುಲೈ ೧೩, ಶನಿವಾರ

ನೀಲಿಗೆ ಇಷ್ಟು ಚೆಂದದ ಗುಂಡು ಕೊಟ್ಟವರು ನೇರ ಹೋಗುವ ಬುದ್ಧಿ ಕೊಡಲಿಲ್ಲ. ಇವತ್ತು ಮೂರೂಕಾಲು ಅಂಗುಲ. ನಳಿಗೆಯನ್ನು ಪೂರ್ತಿ ತೊಳೆದು ಮತ್ತೆ ಹೊಡೆದೆ. ಮೂರೂಮುಕ್ಕಾಲು. ಹಸಿರು ಮೂರು. ಕೆಂಪೂ ಮೂರರ ಹತ್ತಿರ, ಹೋದ ತಿಂಗಳು ಎರಡೇ ಇತ್ತು. ಕಾರ್ಖಾನೆಯಲ್ಲಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಇಷ್ಟು ವ್ಯತ್ಯಾಸವಿದ್ದರೆ ಯಾರನ್ನು ನಂಬುವುದು? ನಮ್ಮ ಮಿಲ್ಲಿನಲ್ಲಿ ಹೀಗೆ ಕೆಲಸ ಮಾಡಿದ್ದರೆ ಸಂಜೆಗೆ ಮನೆಗೆ ಕಳಿಸುತ್ತಿದ್ದರು.

ವೆಂಡೆಲ್ ತಾನೊಮ್ಮೆ ಹೊಡೆದು ನೋಡಲೇ ಎಂದ. ಬೇಡ ಎಂದೆ. ನನ್ನ ಕೋವಿಗೆ ಬೇರೆಯವರ ಭುಜ ಗೊತ್ತಿಲ್ಲ.

ಈ ಪುಸ್ತಕ ಒಳ್ಳೆಯದು, ಹಾಳೆ ಮುಗಿಯುವುದೇ ಇಲ್ಲ. ಜೂನ್‌ನಲ್ಲಿ ಎರಡು ಪುಟ ಹಿಡಿಯುತ್ತಿದ್ದದ್ದು ಈಗ ಒಂದರಲ್ಲೇ ಹಿಡಿಸುತ್ತದೆ.

ಜುಲೈ ೨೭, ಶನಿವಾರ

ಮನಸ್ಸು ಕೆಟ್ಟಿದೆ. ಹಳದಿಯ ನಾಲ್ಕರಲ್ಲಿ ಮೂರು ಇವತ್ತು ಹೊಡೆದೆ. ಕೋವಿಯದೇ ತಪ್ಪೋ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ನಾಲ್ಕು ಅಂಗುಲ. ಮದ್ದು ಹಳತಾಗಿ ಸತ್ತಿರಬೇಕು. ಒಂದು ಉಳಿದಿದೆ, ಇಟ್ಟುಕೊಂಡು ಏನು ಮಾಡಲಿ.

ನೀಲಿ ಪೆಟ್ಟಿಗೆಯವರಿಗೆ ಎರಡು ಪುಟದ ದೂರು ಬರೆದೆ. ತಾರೀಖು, ಗಾಳಿ, ಬಿಸಿ, ಅಂಗುಲ, ಎಲ್ಲ. ಅಂಚೆಗೆ ಹಾಕೆಂದು ಲೊರೆಟ್ಟಾಳಿಗೆ ಕೊಟ್ಟರೆ ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇದನ್ನ ಓದೋಕೆ ಅವ್ರು ಇರುವೇನ ಕೆಲ್ಸಕ್ಕೆ ಇಟ್ಕೋಬೇಕು" ಎಂದಳು. ಕಳಿಸುವುದಿಲ್ಲವಂತೆ. ಜೋರಾಗಿ ಮಾತಾಡು, ನೀನು ಹೇಳುವುದು ಈಚೆಗೆ ಕೇಳಿಸುವುದಿಲ್ಲ ಎಂದು ಬೇರೆ ಹೇಳಿದಳು. ಅವಳ ಕಿವಿಗೂ ವಯಸ್ಸಾಯಿತು.

ಇವತ್ತು ಅಂಗಿಯ ಗುಂಡಿ ಹಾಕಿಕೊಳ್ಳುವುದು ತಡವಾಯಿತೆಂದು ಅವಳು ಹಾಕಲು ಬಂದಳು. ಕೈ ತಳ್ಳಿದೆ. ಹಾಗೆ ತಳ್ಳಬಾರದಿತ್ತು.

ಆಗಸ್ಟ್ ೩, ಶನಿವಾರ

ಲೊರೆಟ್ಟಾ ಕ್ವಾರಿಗೆ ನಾನೂ ಬರುತ್ತೇನೆಂದಳು. ಬುತ್ತಿಯಲ್ಲಿ ಎಲ್ಕ್ ಮಾಂಸದ ಸಾಸೇಜು, ಹಕಲ್‌ಬೆರಿ ಹಣ್ಣಿನ ಪೈ. ವೆಂಡೆಲ್ ಬೇಗ ಬಂದು ಕಾಗದ ನಿಲ್ಲಿಸಿದ್ದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಈಗ ಅನ್ನಿಸುತ್ತದೆ.

ನಾನು ನೀಲಿಯಲ್ಲಿ ಮೂರು ಹೊಡೆದೆ. ನಾಲ್ಕೂವರೆ ಅಂಗುಲ. ಪೆಟ್ಟಿಗೆಯನ್ನು ಹಳ್ಳಕ್ಕೆ ಎಸೆಯುತ್ತೇನೆಂದು ಎದ್ದೆ. ಅವಳು ಬಂದು ಬೆಂಚಿನ ಮೇಲೆ ಕೂತಳು.

"ಎಸೆಯೋದಕ್ಕೆ ಮುಂಚೆ ಒಂದ್ ಮೂರು ನಂಗೆ ಕೊಡು" ಎಂದಳು.

ಅವಳು ದನದ ರಾಂಚಿನಲ್ಲಿ ಬೆಳೆದವಳು, ಕರುಗಳ ಹತ್ತಿರ ಬಂದ ತೋಳನರಿಗಳನ್ನು ಹೊಡೆದವಳು. ಆದರೆ ಕೋವಿ ಮುಟ್ಟಿ ಇಪ್ಪತ್ತು ವರ್ಷವಾಗಿದೆ, ಸದ್ದು ಆಗುವುದಿಲ್ಲವೆಂದು ಬಿಟ್ಟಿದ್ದಳು. ಓದುವ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಕಿವಿಗೆ ಹತ್ತಿ ತುರುಕಿಕೊಂಡಳು. ಒಂದು. ಉಸಿರು ಬಿಟ್ಟಳು. ಎರಡು. ಭುಜ ಉಜ್ಜಿಕೊಂಡಳು. ಮೂರು.

ವೆಂಡೆಲ್ ಕುಂಟುತ್ತಾ ಹೋಗಿ ಕಾಗದ ತಂದ. ನನ್ನ ಮುಂದೆ ಇಟ್ಟ. ಮೂರು ತೂತು ಒಂದರ ಬಾಯಿಗೊಂದು ತಾಗಿದ್ದವು. ಸೋಡಾ ಬಾಟಲಿಯ ಮುಚ್ಚಳ ಇಟ್ಟರೆ ಮೂರೂ ಮುಚ್ಚಿಹೋಗುತ್ತಿದ್ದವು. ಹಾಗೆ ಕೂಡಿದ ತೂತನ್ನು ಈ ಕೋವಿಯಿಂದ ನಾನು ನನ್ನ ಒಳ್ಳೆಯ ದಿನಗಳಲ್ಲೂ ಎಷ್ಟು ಸಲ ಕಂಡಿದ್ದೇನೆ? ನಾಲ್ಕೋ ಐದೋ ಸಲ.

"ತೋಟಾ ಸರಿಯಾಗೇ ಇದೆ, ಆರ್ವಿಡ್" ಎಂದಳು ಲೊರೆಟ್ಟಾ. ಹತ್ತಿ ತೆಗೆದಿರಲಿಲ್ಲ, ಅದಕ್ಕೇ ಸ್ವಲ್ಪ ಜೋರಾಗಿ.

ಪೈ ತಿಂದೆವು. ವೆಂಡೆಲ್ ಯಾವುದೋ ಮೀನಿನ ಕತೆ ಹೇಳಿದ.

ಆಗಸ್ಟ್ ೪, ಭಾನುವಾರ

ಆ ಕಾಗದವನ್ನು ಇನ್ನೂ ನಾಲ್ಕು ಸಲ ಅಳೆದೆ. ಮುಕ್ಕಾಲು ಅಂಗುಲ.

ಆಗಸ್ಟ್ ೨೦, ಮಂಗಳವಾರ

ಮಿಸೌಲಾಕ್ಕೆ ಹೋಗಿ ಬಂದೆವು. ಡಾಕ್ಟರ್ ಪ್ರೂಯಿಟ್ ಎಂಬ ಹೆಂಗಸು, ನನ್ನ ಮಗಳಾಗುವ ವಯಸ್ಸು. ನಡೆಸಿದಳು, ತಿರುಗಿಸಿದಳು, ಬೆರಳು ಬಡಿಯಲು ಹೇಳಿದಳು. ಒಂದು ವಾಕ್ಯ ಬರೆಯಿರಿ ಎಂದಳು. ಬರೆದೆ. ಮೊದಲ ಪದ ದೊಡ್ಡದು, ಕೊನೆಯದು ಸಾಸಿವೆ. ಈಚೆಗೆ ವಾಸನೆ ಹೇಗಿದೆ ಎಂದು ಕೇಳಿದಳು. ಮದ್ದಿನ ವಿಷಯ ಹೇಳಿದೆ, ಈಗಿನ ತೋಟಾಗಳಿಗೆ ವಾಸನೆಯೇ ಇರುವುದಿಲ್ಲ ಎಂದು. ಲೊರೆಟ್ಟಾ ತಲೆ ತಗ್ಗಿಸಿದಳು.

"ತೋಟಾಗೆ ವಾಸನೆ ಇದೆ, ಆರ್ವಿಡ್ ಅವ್ರೇ. ನಿಮ್ಮ ಮೂಗು ಅದನ್ನ ಬಿಟ್ಟು ಎರಡು ಮೂರು ವರ್ಷ ಆಗಿರ್ಬೇಕು" ಎಂದಳು ಡಾಕ್ಟರು. ಆಮೇಲೆ ಹೆಸರು ಹೇಳಿದಳು. ಪಾರ್ಕಿನ್ಸನ್.

ಸಾಯುವ ಕಾಯಿಲೆಯಲ್ಲ, ಜೊತೆಗೆ ಇರುವ ಕಾಯಿಲೆ ಎಂದಳು. ಮಾತ್ರೆ ಕೊಟ್ಟಿದ್ದಾಳೆ. ನುಂಗಿ ಮುಕ್ಕಾಲು ಗಂಟೆಗೆ ಹಿಡಿತ ಬರುತ್ತದೆ, ಆಮೇಲೆ ಇಳಿಯುತ್ತದೆ, ಕೆಲವರಿಗೆ ಈ ಏರಿಳಿತ ಚೆನ್ನಾಗಿ ಗೊತ್ತಾಗುತ್ತದೆ. ಮಾಂಸದೂಟದ ಜೊತೆ ನುಂಗಿದರೆ ಕೆಲಸ ಮಾಡುವುದಿಲ್ಲ. ಬೆಟ್ಟದ ವಿಷಯ ಕೇಳಿದೆ. ಪರವಾನಗಿ ಜೇಬಿನಲ್ಲೇ ಇತ್ತು, ತೋರಿಸಿದೆ. ಅವಳ ಅಪ್ಪನೂ ಅರ್ಜಿ ಹಾಕುತ್ತಾನಂತೆ, ಇಪ್ಪತ್ತೊಂಬತ್ತು ವರ್ಷವಾಯಿತಂತೆ.

"ಬೆಟ್ಟ ಹತ್ತಿ. ನಡೆಯೋದೂ ಔಷಧಿನೇ. ಕೋವಿ ಹಿಡೀಬಹುದಾ ಇಲ್ವಾ ಅನ್ನೋದನ್ನ ನಾನು ಕುರ್ಚಿ ಮೇಲೆ ಕೂತು ಹೇಳೋಕಾಗಲ್ಲ. ನೀವು ಅಳೆಯೋ ಮನುಷ್ಯ ಅಂತ ಕಾಣುತ್ತೆ. ಅಳೆದು ನೋಡಿ" ಎಂದಳು.

ಬರುವಾಗ ದಾರಿಯುದ್ದಕ್ಕೂ ಲೊರೆಟ್ಟಾ ಗಾಡಿ ಓಡಿಸಿದಳು.

ಆಗಸ್ಟ್ ೨೧, ಬುಧವಾರ

ಮೂರು ಕಂಪನಿಯ ತೋಟಾಗಳನ್ನು ಬೈದದ್ದಕ್ಕೆ ನಾಚಿಕೆಯಾಯಿತು.

ಸೆಪ್ಟೆಂಬರ್ ೨, ಸೋಮವಾರ

ಅಳೆದೆ. ನೀಲಿಯೊಂದನ್ನೇ ಇಟ್ಟುಕೊಂಡು ಹತ್ತು ದಿನ, ಇನ್ನುಳಿದದ್ದೆಲ್ಲ ಹಾಗೆಯೇ ಇಟ್ಟು ನನ್ನನ್ನು ಬದಲಾಯಿಸಿ ಹೊಡೆದೆ. ಮಾತ್ರೆಗೆ ಮುಂಚೆ ನೂರು ಗಜದಲ್ಲಿ ಆರು ಅಂಗುಲ. ನುಂಗಿ ಇಪ್ಪತ್ತು ನಿಮಿಷಕ್ಕೆ ಐದು. ಐವತ್ತು ನಿಮಿಷಕ್ಕೆ ಎರಡೂವರೆ. ಒಂದೂವರೆ ಗಂಟೆಯವರೆಗೆ ಹಾಗೇ ನಿಲ್ಲುತ್ತದೆ, ಎರಡೂವರೆ ಗಂಟೆಗೆ ಮತ್ತೆ ಐದು. ಸಾಸೇಜು ತಿಂದ ದಿನ ಎಲ್ಲ ಕೆಟ್ಟಿತು. ಡಾಕ್ಟರು ಹೇಳಿದ್ದು ಅಕ್ಷರಶಃ ನಿಜ.

ಇದೆಲ್ಲ ಬೆಂಚು, ಮರಳುಚೀಲದ ಲೆಕ್ಕ. ಬೆಟ್ಟದಲ್ಲಿ ಬೆಂಚಿಲ್ಲ. ಬೆನ್ನುಚೀಲದ ಮೇಲೆ ಕೋವಿಯಿಟ್ಟು ಮಲಗಿ ಹೊಡೆದರೆ ಒಳ್ಳೆಯ ಹೊತ್ತಿನಲ್ಲೂ ನೂರು ಗಜಕ್ಕೆ ಐದಂಗುಲ. ಐವತ್ತು ಗಜಕ್ಕೆ ಎರಡೂವರೆ. ಟಗರಿನ ಹೃದಯ, ಶ್ವಾಸಕೋಶ ಸೇರಿ ಊಟದ ತಟ್ಟೆಯಷ್ಟು ಅಗಲ. ಐವತ್ತು ಗಜ ಎಂದು ಬರೆದುಕೊಂಡೆ. ಅದರಾಚೆ ಟ್ರಿಗರ್ ಮುಟ್ಟುವುದಿಲ್ಲ.

ವೆಂಡೆಲ್ ನಕ್ಕ. "ಕಾಡುಟಗರಿಗೆ ಐವತ್ತು ಗಜ ಹತ್ರ ಹೋಗೋದು ಅಂದ್ರೆ ಅದೇ ನಿನ್ನನ್ನ ತನ್ನ ಮದುವೆಗೆ ಕರೆದಂಗೆ. ಮುನ್ನೂರಕ್ಕೆ ಹೊಡೀತಾರೆ ಎಲ್ರೂ" ಎಂದ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ನಾಳೆ ಹೇಸರಗತ್ತೆಗಳ ಲಾಳ ನೋಡುತ್ತೇನೆ ಎಂದ.

ಲೊರೆಟ್ಟಾ ಬೆಟ್ಟಕ್ಕೆ ಬರುತ್ತಾಳೆ. ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಹಳೆಯ ಬೂಟು ಹೊರಗೆ ತೆಗೆದು ಎಣ್ಣೆ ಹಚ್ಚುತ್ತಿದ್ದಳು.

ಸೆಪ್ಟೆಂಬರ್ ೧೯, ಗುರುವಾರ

ಬಿಡಾರ, ನದಿಯ ಅಂಚಿನಲ್ಲಿ. ನಾಲ್ಕು ದಿನ ಹತ್ತಿದ್ದೇವೆ, ಇಳಿದಿದ್ದೇವೆ. ಇವತ್ತು ಮೊದಲ ಸಲ ಕಂಡವು. ಆರು ಗಂಡು ಟಗರು, ಎದುರಿನ ಬಂಡೆಯ ಅಂಚಿನಲ್ಲಿ. ದುರ್ಬೀನಿನಲ್ಲಿ ದೊಡ್ಡದರ ಕೊಂಬು ಪೂರ್ತಿ ಒಂದು ಸುತ್ತು ಸುತ್ತಿ ಕಣ್ಣಿನ ಪಕ್ಕಕ್ಕೆ ಬಂದು ನಿಂತಿದ್ದು ಕಾಣುತ್ತಿತ್ತು. ಇನ್ನೂರೆಂಬತ್ತು ಗಜ. ಪಕ್ಕಕ್ಕೆ ತಿರುಗಿ, ಬಿಸಿಲಲ್ಲಿ, ಅಲುಗಾಡದೆ ನಿಂತಿತು. ಹತ್ತು ವರ್ಷದ ಹಿಂದಾಗಿದ್ದರೆ ಅದೇ ಕ್ಷಣ.

ಲೊರೆಟ್ಟಾ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ನಾನು ತೋಟಾ ತೆಗೆದು ಜೇಬಿಗೆ ಹಾಕಿಕೊಂಡೆ. ಅವು ಬಂಡೆಯ ಮೇಲೆ, ಕಾಲಿಡಲು ಜಾಗವೇ ಇಲ್ಲದ ಕಡೆ, ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಹೋದವು.

ಸೆಪ್ಟೆಂಬರ್ ೨೮, ಶನಿವಾರ

ಮನೆಗೆ ಬಂದು, ಮತ್ತೆ ಹೊರಟಿದ್ದೇವೆ. ಬಿದ್ದು ಮಂಡಿ ತರಚಿತು. ಎಡಗಾಲು ಎಳೆಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೊರೆಟ್ಟಾ ಬೆಳಿಗ್ಗೆ ಕೋಟಿನ ಗುಂಡಿ ಹಾಕಿಕೊಡುತ್ತಾಳೆ, ಐದು ನಿಮಿಷ ಉಳಿಯುತ್ತದೆ.

ಅಕ್ಟೋಬರ್ ೪, ಶುಕ್ರವಾರ

ನಿನ್ನೆಯದನ್ನು ಬರೆಯಬೇಕು. ಕೈ ಹಿಡಿತದಲ್ಲಿರುವಾಗಲೇ ಬರೆಯುತ್ತಿದ್ದೇನೆ, ಹನ್ನೊಂದೂಕಾಲಿಗೆ ಮಾತ್ರೆ ನುಂಗಿ ಐವತ್ತು ನಿಮಿಷವಾಗಿದೆ.

ಬೆಳಗಿನ ಜಾವದಿಂದ ಹತ್ತಿ ಎಂಟಕ್ಕೆ ಮೇಲಿನ ದಿಬ್ಬ ಸೇರಿದೆವು. ಅಲ್ಲಿ ಬಿದ್ದ ಪೈನ್ ಮರವೊಂದರ ಹಿಂದೆ ಕೂತೆವು. ಟಗರುಗಳ ದಾರಿ ಅದರ ಕೆಳಗೆ ಹಾಯುತ್ತದೆಂದು ಲೊರೆಟ್ಟಾ ಹೇಳಿದ್ದಳು, ಹಿಕ್ಕೆ ನೋಡಿ. ನಾವೇ ಹತ್ತಿರ ಹೋಗುವುದು ನನ್ನ ಕಾಲಿಗೆ ಆಗದ ಮಾತು. ಸದ್ದಾಗುತ್ತದೆ. ಅವೇ ಬರಬೇಕು. ಆರು ಗಂಟೆಗೆ ನುಂಗಿದ ಮಾತ್ರೆ ಇಳಿಯುತ್ತಾ ಬಂದಿತ್ತು. ಮುಂದಿನದಕ್ಕೆ ಹತ್ತು ಗಂಟೆ. ಹೆಬ್ಬೆರಳು ತನ್ನ ಕೆಲಸ ಶುರು ಮಾಡಿತ್ತು.

ಒಂಬತ್ತಕ್ಕೆ ಅವು ಬಂದವು. ಕಲ್ಲು ಉರುಳಿದ ಸದ್ದು, ಅಷ್ಟೇ. ತಿರುಗಿದರೆ ಆರೂ ನಮ್ಮ ಕೆಳಗಿನ ಹುಲ್ಲಿನ ಸಮತಟ್ಟಿನಲ್ಲಿದ್ದವು. ಮೂವತ್ತೈದು ಹೆಜ್ಜೆ. ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗೆ. ದೊಡ್ಡದು ಮುಂಗಾಲಿನಿಂದ ನೆಲ ಕೆರೆದು, ಮೊಣಕಾಲೂರಿ, ನಮ್ಮ ಕಡೆ ಪಕ್ಕ ಮಾಡಿ ಮಲಗಿತು.

ಕೋವಿ ಬೆನ್ನುಚೀಲದ ಮೇಲೆ ಇತ್ತು. ಕೋವಿಯ ದುರ್ಬೀನಿಗೆ ಕಣ್ಣಿಟ್ಟೆ. ಗುರಿಯ ಗೆರೆ ಟಗರಿನ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಹುಲ್ಲಿಗೆ ಅಲೆದಾಡಿತು. ಮೂವತ್ತೈದು ಹೆಜ್ಜೆಯಲ್ಲೂ. ಲೊರೆಟ್ಟಾ ಮಾತ್ರೆ ತೆಗೆದು ನನ್ನ ತುಟಿಗೆ ಇಟ್ಟಳು. ನೀರಿನ ಬಾಟಲಿ ಸದ್ದು ಮಾಡುತ್ತದೆಂದು ಒಣಗಿದ ಬಾಯಲ್ಲೇ ನುಂಗಿದೆ. ಆಗ ಒಂಬತ್ತು ದಾಟಿ ಏಳು ನಿಮಿಷ.

ಆಮೇಲೆ ಕಾದೆವು.

ಐವತ್ತು ವರ್ಷ ಬೇಟೆಯಾಡಿದ್ದೇನೆ. ಜಿಂಕೆ, ಎಲ್ಕ್ ಎಷ್ಟೋ ಹೊಡೆದಿದ್ದೇನೆ. ಯಾವ ಪ್ರಾಣಿಯನ್ನೂ ಇಷ್ಟು ಹೊತ್ತು ನೋಡಿದವನಲ್ಲ. ಕಂಡಿತು, ಗುರಿಯಿಟ್ಟೆ, ಹೊಡೆದೆ, ಅಷ್ಟರಲ್ಲಿ ಮುಗಿದಿರುತ್ತಿತ್ತು. ನಿನ್ನೆ ಮುಕ್ಕಾಲು ಗಂಟೆ ನೋಡಿದೆ. ಅದು ಮೆಲುಕು ಹಾಕುತ್ತಿತ್ತು. ನುಂಗಿದ್ದು ಗಂಟಲಲ್ಲಿ ಉಂಡೆಯಾಗಿ ಮೇಲೆ ಬರುವುದು ಕಾಣುತ್ತಿತ್ತು. ಕೊಂಬಿನ ತುದಿ ಒಡೆದು ಪೊರಕೆಯಾಗಿತ್ತು. ಕೊಂಬಿನುದ್ದಕ್ಕೂ ಉಂಗುರಗಳು, ಚಳಿಗಾಲಕ್ಕೊಂದು. ಎಣಿಸಿದೆ, ಹತ್ತು. ಮೂಗಿನ ಮೂಳೆ ಎಂದೋ ಮುರಿದು ಡೊಂಕಾಗಿ ಕೂಡಿತ್ತು. ಎಂಥ ಹೊಡೆತ ತಿಂದಿರಬೇಕು, ತಿಂದು ಎಂಥ ಹೊಡೆತ ಕೊಟ್ಟಿರಬೇಕು. ಕಣ್ಣು ಜೇನಿನ ಬಣ್ಣ. ಒಮ್ಮೆ ಅದು ನೇರ ನಮ್ಮ ಮರದ ಕಡೆ ನೋಡಿತು. ನಾನು ಉಸಿರು ಬಿಡಲಿಲ್ಲ. ನೋಡಿದ್ದು ನಮ್ಮನ್ನಲ್ಲ, ನಮ್ಮಾಚೆಯ ಆಕಾಶವನ್ನು.

ಇಷ್ಟು ದೊಡ್ಡ ಜೀವ, ಇಷ್ಟು ಹಿಮ, ಇಷ್ಟು ಬಂಡೆ, ಹತ್ತು ವರ್ಷ. ಇಲ್ಲಿ ನನ್ನ ಕೋವಿಯಲ್ಲಿ ಬೆರಳುದ್ದದ ಹಿತ್ತಾಳೆಯ ತೋಟಾ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದೆಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಕೈ ಯಾವಾಗ ನಿಂತಿತೋ ಗಮನಿಸಲಿಲ್ಲ. ಲೊರೆಟ್ಟಾ ಕಿವಿಯ ಹತ್ತಿರ ಬಂದು, "ನಿಂತಿದೆ ನೋಡು" ಎಂದಳು. ಗೆರೆ ಭುಜದ ಹಿಂದೆ ಕೂತಿತ್ತು. ಅಲುಗುತ್ತಿದ್ದದ್ದು ನನ್ನ ಉಸಿರಿನಷ್ಟೇ.

ಆದರೂ ನಾನು ತಡೆದೆ. ಮಲಗಿದ್ದನ್ನು ಹೊಡೆಯಲು ಮನಸ್ಸು ಬರಲಿಲ್ಲ. ಲೊರೆಟ್ಟಾಳಿಗೆ ಅದು ಗೊತ್ತಾಯಿತೋ ಏನೋ, ಅವಳೂ ಅವಸರ ಮಾಡಲಿಲ್ಲ. ಒಂಬತ್ತು ಐವತ್ತೆಂಟಕ್ಕೆ ಅದು ತಾನಾಗಿ ಎದ್ದಿತು. ಮೈ ಮುರಿಯಿತು, ಮುದುಕರು ಹಾಸಿಗೆಯಿಂದ ಎದ್ದ ಹಾಗೆ, ಮೊದಲು ಬೆನ್ನು, ಆಮೇಲೆ ಒಂದೊಂದು ಕಾಲು. ಪಕ್ಕಕ್ಕೆ ನಿಂತಿತು.

ಹೊಡೆದೆ.

ಅದು ನಾಲ್ಕು ಹೆಜ್ಜೆ ನಡೆಯಿತು. ಏನನ್ನೋ ನೆನಪಿಸಿಕೊಳ್ಳುವ ಹಾಗೆ ನಿಂತಿತು. ಹುಲ್ಲಿನ ಮೇಲೆ ಮೆಲ್ಲಗೆ ಕೂತು, ತಲೆ ಇಟ್ಟಿತು. ಅದರಾಚೆಯ ಬಂಡೆಯಿಂದ ಧೂಳು ಎದ್ದದ್ದು ಲೊರೆಟ್ಟಾ ನೋಡಿದಳಂತೆ. ಗುಂಡು ಅದರ ಮೈ ದಾಟಿ ಬೆಟ್ಟದೊಳಕ್ಕೆ ಹೋಗಿದೆ. ಈ ಬೇಸಿಗೆಯಲ್ಲಿ ನಾನು ಹೊಡೆದ ಗುಂಡುಗಳಲ್ಲಿ ಅತ್ಯುತ್ತಮವಾಗಿ ಕೆಲಸ ಮಾಡಿದ್ದು ಅದೊಂದೇ. ಅದನ್ನು ತೂಗಲು ನನ್ನ ಹತ್ತಿರ ಏನೂ ಇಲ್ಲ. ಅಗೆದು ನೋಡಬೇಕೆಂದೂ ಅನ್ನಿಸಲಿಲ್ಲ.

ಉಳಿದ ಐದೂ ಓಡಲಿಲ್ಲ. ಸ್ವಲ್ಪ ದೂರ ಹಾರಿ ನಿಂತು ತಿರುಗಿ ಬಂದವು. ಒಂದೊಂದಾಗಿ ಹತ್ತಿರ ಬಂದು ಮೂಸಿದವು. ಅವುಗಳಲ್ಲಿ ದೊಡ್ಡದು ಮುಂಗಾಲಿನಿಂದ ಒಮ್ಮೆ ಮುಟ್ಟಿತು, ಏಳು ಎಂಬಂತೆ. ಆಮೇಲೆ ಅದು ಮುಂದೆ, ಉಳಿದವು ಹಿಂದೆ, ಬಂಡೆಯ ಮುಖಕ್ಕೆ ಅಡ್ಡವಾಗಿ ಹೊರಟವು. ಅಲ್ಲಿ ದಾರಿ ಇರಲಿಲ್ಲ. ಅವು ಹೆಜ್ಜೆಯಿಟ್ಟಲ್ಲಿ ಮಾತ್ರ ದಾರಿ ಇತ್ತು, ಎತ್ತಿದ ಮೇಲೆ ಮತ್ತೆ ಬರೀ ಬಂಡೆ. ಕೊನೆಯದು ನೆತ್ತಿ ದಾಟುವವರೆಗೂ ನಾವು ಎದ್ದೇಳಲಿಲ್ಲ. ನನ್ನ ಮುಖ ಒದ್ದೆಯಾಗಿತ್ತು. ಅವಳದೂ.

ಕೆಳಗಿನ ಬಿಡಾರದಿಂದ ವೆಂಡೆಲ್ ತಗಡಿನ ಪಾತ್ರೆ ಬಡಿದದ್ದು ಕೇಳಿಸಿತು. ಗುಂಡಿನ ಸದ್ದು ಅಲ್ಲಿಯವರೆಗೆ ಹೋಗಿತ್ತು, ಒಂದೇ ಗುಂಡಿಗೆ ಮುಗಿಯಿತೆಂದು ಅವನಿಗೂ ಗೊತ್ತಾಗಿತ್ತು.

ಲೊರೆಟ್ಟಾ ಗಡಿಯಾರ ನೋಡಿದಳು. ಕೋಟಿನ ತೋಳಲ್ಲಿ ಮುಖ ಒರೆಸಿಕೊಂಡು ಚಾಕು ತೆಗೆದು, ಹಿಡಿ ನನ್ನ ಕಡೆ ಮಾಡಿ ಕೊಟ್ಟಳು.

"ಏಳು" ಎಂದಳು. "ಅರ್ಧ ಗಂಟೆ ಇದೆ ನಿನ್ನ ಕೈಗೆ. ಅದರ ಚರ್ಮ ಬಿಡಿಸೋ ಮರ್ಯಾದೆಯ ಕೆಲ್ಸ ನೀನೇ ಮಾಡು. ಆಮೇಲಿಂದು ನಾನ್ ನೋಡ್ಕೋತೀನಿ."